ನನ್ನ ಬಲಮಂಡಿಯ ವಾರಸುದಾರರು

ಹೆಂಗಸೊಬ್ಬಳು ತಾನೇ ದುಡಿದು, ತಾನೇ ಓದಿಕೊಂಡು, ತಾನೇ ಒಂದು ಅಂಗಡಿ ಇಟ್ಟುಕೊಂಡರೆ ಸುತ್ತಲಿನವರಿಗೆ ಕೆಲಸವಿಲ್ಲದಂತಾಗುತ್ತದೆ. ಅವಳ ಮೈಗೆ ಏನಾದರೂ ಬಂದರೆ ಸಾಕು, ಅಷ್ಟು ವರ್ಷ ಸುಮ್ಮನೆ ಕೂತಿದ್ದವರೆಲ್ಲ ಒಟ್ಟಿಗೆ ಎದ್ದು ಬರುತ್ತಾರೆ. ನನ್ನ ಬಲಗಾಲಿನ ಮಂಡಿ ಕೆಟ್ಟು, ನನ್ನದೇ ಜೀವಕೋಶ ತೆಗೆದು, ಬೆಳೆಸಿ, ತಿರುಗಿ ಅಲ್ಲಿಗೇ ಹಾಕಿ ಸರಿಮಾಡುವ ಹೊತ್ತಿಗೆ ಎರಡು ವರ್ಷ ಹಿಡಿಯಿತು. ಆ ಎರಡು ವರ್ಷ ವಾರಕ್ಕೊಂದರಂತೆ ಏನಾದರೊಂದು ನಡೆಯುತ್ತಲೇ ಇತ್ತು. ಆಗ ನನಗೆ ನಗು ಬರಲಿಲ್ಲ. ಈಗಲೂ ಪೂರ್ತಿಯಾಗಿ ಬರುವುದಿಲ್ಲ. ಅಂಗಡಿಗೆ ಬರುವ ಹೆಂಗಸರಿಗೆ ಹೇಳಿದರೆ ಅವರು ನಗುತ್ತಾರೆ. ಅಳತೆ ಕೊಡುವಾಗ ನಗಬೇಡಿ, ಆಮೇಲೆ ಬ್ಲೌಸು ಸಡಿಲವಾದರೆ ನನ್ನನ್ನು ಕೇಳಬೇಡಿ ಎಂದು ಗದರಬೇಕಾಗುತ್ತದೆ.

೧. ಹುರುಳಿಯ ಮೇಲೆ

ಹೊಳೆನರಸೀಪುರದ ಬಸ್‌ ಸ್ಟ್ಯಾಂಡಿನ ಹತ್ತಿರ ಒಂದು ಕಟ್ಟಡದ ಮಹಡಿಯ ಮೇಲೆ ನನ್ನ ಹೊಲಿಗೆ ಅಂಗಡಿ. ಹದಿನೆಂಟು ಮೆಟ್ಟಿಲು. ಗಂಡನ ಮನೆ ಬಿಟ್ಟು ಬಂದಾಗ ಹಳ್ಳಿಮೈಸೂರಿನ ಕಡೆಯ ನಮ್ಮೂರಿನಲ್ಲಿ ಅಣ್ಣನ ಮನೆಯ ಜಗಲಿಯ ಮೇಲೆ ಎಂಟು ತಿಂಗಳಿದ್ದೆ. ಸಗಣಿ ಬಾಚಿ, ಹಾಲು ಕರೆದು, ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಂಡು, ಒಂದು ಬೆಳಿಗ್ಗೆ ಎದ್ದು ಬಂದುಬಿಟ್ಟೆ. ಯಾರದೋ ಮನೆಯ ಹಜಾರದಲ್ಲಿ ಬಾಡಿಗೆ ಮಿಷನ್ ತುಳಿದು ಶುರುಮಾಡಿದ್ದು. ಆರನೇ ಕ್ಲಾಸಿಗೆ ನಿಂತ ಓದನ್ನು ಬ್ಲೌಸ್ ಪೀಸು ಸುತ್ತಿ ಬರುತ್ತಿದ್ದ ಪೇಪರಿನ ತುಂಡುಗಳನ್ನು ಓದಿ ಮುಂದುವರಿಸಿದೆ. ಈಗ ನನ್ನ ಹತ್ತಿರ ನಾಲ್ಕು ಜನ ಹೆಂಗಸರು ಕೆಲಸ ಮಾಡುತ್ತಾರೆ.

ಒಂದು ಮದುವೆ ಮನೆಗೆ ಬ್ಲೌಸು ತಲುಪಿಸಲು ಮೊಪೆಡ್‌ನಲ್ಲಿ ಹೋಗುತ್ತಿದ್ದೆ. ಸುಗ್ಗಿಯ ಕಾಲ. ನಮ್ಮ ಕಡೆ ಸುಗ್ಗಿ ಬಂದರೆ ಟಾರ್ ರಸ್ತೆಯೇ ಕಣ. ಹುರುಳಿ ಗಿಡ ತಂದು ರಸ್ತೆಗೆ ಹರಡುತ್ತಾರೆ, ಬಸ್ಸು ಲಾರಿಯವರು ತುಳಿದುಕೊಟ್ಟು ಹೋಗುತ್ತಾರೆ. ನನ್ನ ಚಕ್ರ ಜಾರಿತು. ಮಂಡಿ ತಿರುಚಿಕೊಂಡು ಬಿದ್ದೆ. ಬದುವಿನ ಮೇಲೆ ಕೂತಿದ್ದ ರೈತ ಓಡಿ ಬಂದ. ಎತ್ತುವುದಕ್ಕೆ ಬಂದ ಎಂದುಕೊಂಡೆ.

“ನೋಡ್ಕಂಡು ಬರಬಾರ್ದಾ ಅಕ್ಕಾ, ಉಳ್ಳಿ ಎಲ್ಲಾ ಚೆಲ್ಲಾಪಿಲ್ಲಿ ಮಾಡ್ಬುಟ್ರಲ್ಲ” ಅಂದ. ಮೊಪೆಡ್ ಎತ್ತಿ ನಿಲ್ಲಿಸಿದ. ನಾನು ಹಲ್ಲು ಕಚ್ಚಿ ಹತ್ತಿ ಕೂತ ಮೇಲೆ ಮತ್ತೆ ಹೇಳಿದ: “ಎಂಗಿದ್ರೂ ಓಯ್ತಾ ಇದೀರಲ್ಲ, ಆ ಕಡೆ ಸಾಲಿನ ಮ್ಯಾಲೆ ಓಡುಸ್ಕಂಡು ಓಗಿ. ಅದು ಇನ್ನೂ ತುಳಿದಿಲ್ಲ.”

೨. ಎಕ್ಸರೇಯ ತೀರ್ಪು

ಹಾಸನದಲ್ಲಿ ಎಕ್ಸರೇ ತೆಗೆದರು. ಮೂಳೆ ಚೆನ್ನಾಗಿದೆ, ಏನೂ ಆಗಿಲ್ಲ ಎಂದರು. ಊತ ಇಳಿಯಿತು. ಆದರೆ ಮೆಟ್ಟಿಲು ಹತ್ತುವಾಗ ಏಳನೆಯದಕ್ಕೋ ಎಂಟನೆಯದಕ್ಕೋ ಮಂಡಿ ಬೀಗ ಹಾಕಿದ ಹಾಗೆ ನಿಂತುಬಿಡುತ್ತಿತ್ತು. ಮೇಲೂ ಇಲ್ಲ, ಕೆಳಗೂ ಇಲ್ಲ. ಮಿಷನ್‌ಗೆ ಮೋಟಾರು ಹಾಕಿಸಿದೆ. ಮೆಟ್ಟಿಲಿಗೆ ಏನು ಹಾಕಿಸುವುದು? ಕಟಿಂಗು ನಿಂತೇ ಮಾಡಬೇಕು, ಅದನ್ನು ನಾನು ಬೇರೆಯವರ ಕೈಗೆ ಕೊಟ್ಟವಳಲ್ಲ. ಹೀಗೇ ಆದರೆ ಆರು ತಿಂಗಳಲ್ಲಿ ಅಂಗಡಿ ಮುಚ್ಚಬೇಕಾಗುತ್ತದೆ ಎಂದು ನನಗೆ ಗೊತ್ತಿತ್ತು. ಮುಚ್ಚಿದರೆ ಎಲ್ಲಿಗೆ ಹೋಗಬೇಕಾಗುತ್ತದೆ ಎನ್ನುವುದು ಅಣ್ಣನಿಗೆ ಗೊತ್ತಿತ್ತು.

ಅಣ್ಣ ಬಂದ. ಎಕ್ಸರೇಯನ್ನು ಕಿಟಕಿಗೆ ಹಿಡಿದು, ತಲೆಕೆಳಗಾಗಿ ನೋಡಿದ.

“ಏನೂ ಇಲ್ವಲ್ಲವ್ವ ಇದರಲ್ಲಿ. ಕೆಲಸ ಮಾಡಿ ಸಾಕಾಗೈತೆ ನಿಂಗೆ, ಅಷ್ಟೇಯ. ಅಂಗಡಿ ಮುಚ್ಚಿ ಊರಿಗೆ ಬಾ. ಅಸು ನಾಕಾಗವೆ. ನೋಡ್ಕಳಕ್ಕೆ ಒಬ್ರು ಬೇಕು.”

“ಮೆಟ್ಟಿಲು ಹತ್ತೋಕೆ ಆಗದ ಮಂಡೀಲಿ ಹಸುವಿನ ಕೆಳಗೆ ಕುಕ್ಕರಗಾಲಲ್ಲಿ ಕೂರೋಕೆ ಆಗುತ್ತಾ ಅಣ್ಣ?”

ಅಣ್ಣ ಎಕ್ಸರೇ ಕೆಳಗಿಟ್ಟು ನನ್ನ ಮಂಡಿ ನೋಡಿದ. ನನ್ನ ಕಷ್ಟ ಅರ್ಥವಾಯಿತೇನೋ ಎಂದುಕೊಂಡೆ.

“ಅಸೂನ ಮಹಡಿ ಮ್ಯಾಲೆ ಕಟ್ಟಿಲ್ಲವಲ್ಲ” ಅಂದ.

೩. ‘ಬರ್ತೀನಿ’ ಅಂದದ್ದಕ್ಕೆ

ಅರಕಲಗೂಡಿನ ಕಡೆ ಒಬ್ಬ ನಾಟಿ ವೈದ್ಯ ಇದ್ದಾನೆ, ಮೂಳೆ ಕಟ್ಟುತ್ತಾನೆ ಎಂದು ಅಂಗಡಿಯ ಹೆಂಗಸರು ಹೇಳಿ ಕರೆದುಕೊಂಡು ಹೋದರು. ಸೊಪ್ಪು ಅರೆದು, ಕೋಳಿಮೊಟ್ಟೆ ಕಲಸಿ, ಬಿದಿರಿನ ದೆಬ್ಬೆ ಇಟ್ಟು ಕಟ್ಟಿದ. ಅವನ ಹೆಂಡತಿ ಕಾಫಿ ಕೊಟ್ಟಳು. ಕುಡಿದು, ಎದ್ದು, ಎಲ್ಲರ ಮನೆಯಿಂದ ಹೊರಡುವಾಗ ಹೇಳುವ ಹಾಗೆ “ಬರ್ತೀನಿ” ಎಂದು ಹೇಳಿ ಬಂದೆ.

ಮೂರು ವಾರ ಕಳೆಯಿತು. ನೋವು ಹೆಚ್ಚಾಯಿತು. ಮತ್ತೆ ಹೋದೆ. ಕಟ್ಟು ಬಿಚ್ಚಿ ನೋಡಿದ, ಮುಟ್ಟಿ ನೋಡಿದ.

“ಮೊದಲ್ನೇ ಸಲ ಓಗೋವಾಗ ಏನಂದೆ?” ಎಂದು ಕೇಳಿದ.

“ಬರ್ತೀನಿ ಅಂದೆ.”

“ಅದೇ ಮತ್ತೆ. ಮದ್ದು ಕಟ್ಟಿಸ್ಕಂಡು ಬತ್ತೀನಿ ಅಂತಾರಾ ಯಾರಾದ್ರೂ? ನೀನು ಬತ್ತೀನಿ ಅಂದೆ, ನೋವೂ ಬತ್ತೀನಿ ಅಂತು. ಮದ್ದಿನ ಮನೆಯಿಂದ ಓಗೋವಾಗ ಮಾತಾಡಬಾರ್ದು, ತಿರುಗಿ ನೋಡಬಾರ್ದು.”

ಎರಡನೆಯ ಸಲ ಕಟ್ಟಿಸಿಕೊಂಡು, ಕಾಫಿ ಕುಡಿದು, ಮಾತಿಲ್ಲದೆ, ತಿರುಗಿ ನೋಡದೆ ಬಂದೆ. ಮಂಡಿ ಹಾಗೇ ಇತ್ತು. ಆದರೆ ಹೊಳೆನರಸೀಪುರದ ಇವಳಿಗೆ ಬಹಳ ಸೊಕ್ಕು, ಕಾಫಿ ಕುಡಿದ ಲೋಟ ಇಟ್ಟು ಒಂದು ಮಾತೂ ಆಡದೆ ಎದ್ದು ಹೋದಳು ಎಂದು ಅವನ ಹೆಂಡತಿ ಸಂತೆಯಲ್ಲೆಲ್ಲ ಹೇಳಿದಳಂತೆ. ಅರಕಲಗೂಡಿನಿಂದ ಬರುತ್ತಿದ್ದ ಎರಡು ಮನೆಯ ಹೊಲಿಗೆ ಅಲ್ಲಿಗೆ ನಿಂತಿತು.

೪. ಸಕ್ಕರೆ ಕಾಯಿಲೆಯ ಮನುಷ್ಯ

ಕೊನೆಗೆ ಬೆಂಗಳೂರಿಗೆ ಹೋದೆ. ಜೊತೆಗೆ ಗಂಡಸರು ಯಾರಾದರೂ ಇರಬೇಕು, ಸಹಿಗೆ ಬೇಕು ಎಂದು ಆಸ್ಪತ್ರೆಯವರು ಫೋನಿನಲ್ಲಿ ಹೇಳಿದ್ದರು. ಇಪ್ಪತ್ತು ವರ್ಷದಿಂದ ನನ್ನ ಸಹಿ ನನಗೆ ಸಾಕಾಗಿತ್ತು, ಮಂಡಿಗೆ ಸಾಕಾಗಲಿಲ್ಲ. ಅಣ್ಣನನ್ನು ಕರೆದುಕೊಂಡು ಹೋದೆ.

ಸ್ಕ್ಯಾನ್ ಮಾಡಿ ಡಾಕ್ಟರು ವಿವರಿಸಿದರು. ನನಗಲ್ಲ, ಅಣ್ಣನಿಗೆ. ಮಂಡಿ ನನ್ನದು, ಪ್ರಶ್ನೆ ಕೇಳುವವಳು ನಾನು, ಉತ್ತರ ಹೋಗುತ್ತಿದ್ದದ್ದು ಅಣ್ಣನ ಕಡೆಗೆ. ಮೂಳೆಯ ತುದಿಯ ಮೇಲೆ ನುಣುಪಾದ ಒಂದು ಹೊದಿಕೆ ಇರುತ್ತದೆ, ಮೃದ್ವಸ್ಥಿ ಅಂತ. ಇವರಿಗೆ ಅದು ಎಂಟಾಣೆ ಅಗಲ ಕಿತ್ತುಹೋಗಿದೆ. ಎಕ್ಸರೇಯಲ್ಲಿ ಕಾಣುವುದಿಲ್ಲ. ತಾನಾಗಿ ಬೆಳೆಯುವುದೂ ಇಲ್ಲ. ಅದೇ ಮಂಡಿಯಲ್ಲಿ ಭಾರ ಬೀಳದ ಕಡೆಯಿಂದ ಉದ್ದಿನಕಾಳಿನಷ್ಟು ಚೂರು ತೆಗೆದು, ಅದರ ಜೀವಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿ, ಐದಾರು ವಾರದ ಮೇಲೆ ಇನ್ನೊಂದು ಆಪರೇಷನ್ ಮಾಡಿ ಕಿತ್ತುಹೋದ ಜಾಗಕ್ಕೆ ತುಂಬುವುದು. ಆಮೇಲೆ ಒಂದು ವರ್ಷ ತಾಳ್ಮೆ ಬೇಕು. ಆಗೇ ಆಗುತ್ತದೆ ಎಂದು ಬರೆದುಕೊಡುವುದಕ್ಕೆ ಆಗುವುದಿಲ್ಲ.

ಇದರಲ್ಲಿ ನನಗೆ ತಿಳಿಯದ್ದು ಏನೂ ಇರಲಿಲ್ಲ. ಬೆಂಗಳೂರಿಗೆ ಹೊರಡುವ ಮೊದಲೇ ಲೈಬ್ರರಿಗೆ ಹೋಗಿ ಮಂಡಿಯ ಬಗ್ಗೆ ಪುಸ್ತಕ ಕೇಳಿದ್ದೆ. ಅಲ್ಲಿನವನು ಅಡುಗೆ ಪುಸ್ತಕದ ಬೀರು ತೋರಿಸಿದ್ದ. ನಾನೇ ಹುಡುಕಿ ಒಂಬತ್ತನೇ ಕ್ಲಾಸಿನ ವಿಜ್ಞಾನದ ಪುಸ್ತಕ ತೆಗೆದು ಓದಿದ್ದೆ. ಡಾಕ್ಟರು ಮುಗಿಸಿದ ಮೇಲೆ ಹೇಳಿದೆ: “ಗೊತ್ತಾಯ್ತು ಸರ್. ಬ್ಲೌಸು ಹರಿದರೆ ಅದರದೇ ಒಳಮಡಿಕೆಯಿಂದ ಬಟ್ಟೆ ತೆಗೆದು ತೇಪೆ ಹಾಕ್ತೀವಿ. ಬೇರೆ ಬಟ್ಟೆ ಹಾಕಿದರೆ ಒಗೆದಾಗ ಎಳೆಯುತ್ತೆ.” ಡಾಕ್ಟರು ಆಗ ಮೊದಲ ಸಲ ನನ್ನ ಮುಖ ನೋಡಿದರು.

ಅಣ್ಣ ಮಾತ್ರ ಬೆವರುತ್ತಿದ್ದ. ಡಾಕ್ಟರು ಇಷ್ಟು ಹೊತ್ತು ತನ್ನನ್ನೇ ನೋಡಿಕೊಂಡು ‘ತೆಗೆಯುವುದು, ತೆಗೆಯುವುದು’ ಎಂದದ್ದು ಅವನ ತಲೆಯಲ್ಲಿ ಬೇರೆ ಥರ ಕೂತಿತ್ತು.

“ನಂಗೆ ಸಕ್ಕರೆ ಕಾಯ್ಲೆ ಐತೆ ಸಾ” ಅಂದ.

“ಅದಕ್ಕೂ ಇದಕ್ಕೂ ಸಂಬಂಧ ಇಲ್ಲ” ಎಂದರು ಡಾಕ್ಟರು.

“ಬಿಪೀನೂ ಐತೆ ಸಾ. ನಮ್ಮ ತಂದೆಗೂ ಮಂಡಿ ಸರಿ ಇರ್ಲಿಲ್ಲ. ನಮ್ಮ ಮನೇಲಿ ಗಂಡಸರ ಮಂಡಿ ಯಾವುದೂ ನೆಟ್ಟಗಿಲ್ಲ.”

“ನಿಮ್ಮದು ಬೇಡ. ಅವರದನ್ನೇ ತೆಗೆದು ಅವರಿಗೇ ಹಾಕೋದು.”

ಅಣ್ಣ ಎದ್ದು ನಿಂತು ಡಾಕ್ಟರಿಗೆ ಕೈಮುಗಿದ. ಕೆಳಗಿನ ಕ್ಯಾಂಟೀನಿನಲ್ಲಿ ಎರಡು ಮಸಾಲೆದೋಸೆ, ಒಂದು ಜಾಮೂನು ತಿಂದ. ಸಕ್ಕರೆ ಕಾಯಿಲೆ ಇದೆಯಲ್ಲ ಎಂದೆ.

“ಈಗಿಲ್ಲ” ಅಂದ.

೫. ಮುಂಬೈಗೆ ಹೋಗಿಬಂದ ಮಡಿ

ನಾನು ಬಾಡಿಗೆಗೆ ಇರುವುದು ದೇವಸ್ಥಾನದ ಬೀದಿಯ ಒಂದು ಮನೆಯ ಹಿಂಭಾಗದಲ್ಲಿ. ಮನೆಯ ಯಜಮಾನಿ ಎಂಬತ್ತು ದಾಟಿದ ಅಜ್ಜಿ. ಕೆಟ್ಟವರಲ್ಲ. ಬಾವಿಯ ನೀರು, ಹಿತ್ತಲಿನ ಕರಿಬೇವು, ಯಾವುದಕ್ಕೂ ಬೇಡ ಅಂದವರಲ್ಲ. ನಡುಮನೆಯ ಹೊಸ್ತಿಲು ಮಾತ್ರ ಬೇರೆ ವಿಷಯ.

ಮೊದಲ ಆಪರೇಷನ್ ಮುಗಿಸಿ ಬಂದ ಮೇಲೆ ಅಜ್ಜಿ ವಿಚಾರಣೆ ಶುರು ಮಾಡಿದರು. ಮೃದ್ವಸ್ಥಿಯ ಚೂರು ಈಗ ಎಲ್ಲಿದೆ ಎಂದು ಕೇಳಿದರು. ಮುಂಬೈಯ ಪ್ರಯೋಗಾಲಯದಲ್ಲಿ ಎಂದೆ.

“ಅಷ್ಟು ದಿನ ಅಲ್ಲಿ ಏನು ಮಾಡತ್ತೆ?”

“ಬೆಳೆಯುತ್ತೆ ಅಜ್ಜಿ.”

“ಬೆಳೆಯೋದಕ್ಕೆ ಊಟ ಯಾರು ಹಾಕ್ತಾರೆ? ಯಾರ ಕೈ ಅಡುಗೆ?”

“ನನ್ನ ರಕ್ತವನ್ನೇ ಸ್ವಲ್ಪ ತೊಗೊಂಡಿದ್ದಾರೆ. ಅದರ ನೀರನ್ನ ಹಾಕಿ ಬೆಳೆಸ್ತಾರಂತೆ.”

ಅಜ್ಜಿ ಇದನ್ನು ಎರಡು ದಿನ ಮನಸ್ಸಿನಲ್ಲಿಟ್ಟುಕೊಂಡು ಲೆಕ್ಕ ಹಾಕಿದರು. ಮೂರನೆಯ ದಿನ ಹಿತ್ತಲ ಬಾಗಿಲಿಗೆ ಬಂದು ಕೇಳಿದರು: “ಮುಂಬೈ ಅಂದೆಯಲ್ಲ, ಅದು ಸಮುದ್ರ ದಾಟಿತೇನೇ?”

“ದಾಟಿಲ್ಲ ಅಜ್ಜಿ. ದಡದಲ್ಲೇ ಇದೆ.”

“ಸದ್ಯ” ಎಂದರು. ನಿಜವಾಗಿ ಸಮಾಧಾನವಾದವರ ಹಾಗೆ ಉಸಿರು ಬಿಟ್ಟರು. ಮಡಿಗೆ ಭಂಗ ಬಂದಿಲ್ಲ, ತನ್ನ ರಕ್ತ ತಾನೇ ಕುಡಿದು ಬೆಳೆದದ್ದಕ್ಕೆ ಎಂಜಲೂ ಇಲ್ಲ ಎಂದು ತೀರ್ಮಾನ ಕೊಟ್ಟರು.

ಎರಡನೆಯ ಆಪರೇಷನ್ ಆಗಿ, ಕಂಕುಳಿಗೆ ಊರುಗೋಲು ಕೊಟ್ಟುಕೊಂಡು ಬಂದ ಮೊದಲ ಶುಕ್ರವಾರ ಅವರ ಮನೆಯಲ್ಲಿ ಅರಿಶಿನ ಕುಂಕುಮ. ನನ್ನನ್ನೂ ಕರೆದರು. ಪ್ರತಿ ವರ್ಷ ಗಂಡ ಬಿಟ್ಟವಳು ಎಂದು ಹೊಸ್ತಿಲಿನಾಚೆಯೇ ಮಣೆ ಹಾಕಿ ಕೊಡುತ್ತಿದ್ದರು. ಈ ಸಲ ಇಷ್ಟೆಲ್ಲ ವಿಚಾರಣೆಯಾಗಿದೆ, ಒಳಗೆ ಕರೆಯಬಹುದು ಎಂದು ನಿಂತೆ. ಅಜ್ಜಿ ನನ್ನ ಮಂಡಿಯನ್ನು ಪ್ರೀತಿಯಿಂದ ನೋಡಿದರು.

“ಅದಕ್ಕೆ ಏನೂ ದೋಷ ಇಲ್ಲ ಕಣೇ, ಅದು ಒಳಗೆ ಬರಬಹುದು. ನೀನು ಅಲ್ಲೇ ಕೂತಿರು.”

೬. ಗಾಳಿ ಆಡುವ ಕುರ್ಚಿ

ಆರು ವಾರ ಆ ಕಾಲಿನ ಮೇಲೆ ಭಾರ ಹಾಕುವಂತಿಲ್ಲ, ಕುಕ್ಕರಗಾಲಲ್ಲಿ ಕೂರುವುದನ್ನಂತೂ ಮರೆತುಬಿಡಿ ಎಂದಿದ್ದರು. ನಮ್ಮ ಕಕ್ಕಸಿನ ಕಥೆ ಎಲ್ಲರಿಗೂ ಗೊತ್ತು. ಹಾಸನದಿಂದ ಒಂದು ಕುರ್ಚಿ ತರಿಸಿದೆ. ನಡುವೆ ದೊಡ್ಡ ತೂತಿರುವ, ಕೈಯಿರುವ ಕುರ್ಚಿ. ಕೆಳಗೆ ಇಡುವ ಬೇಸಿನ್ ಬೇರೆ. ತೊಳೆದು ಬಿಸಿಲಿಗೆಂದು ಕುರ್ಚಿಯನ್ನು ನನ್ನ ಬಾಗಿಲಿನ ಮುಂದಿನ ಜಗಲಿಯಲ್ಲಿ ಇಟ್ಟು, ಮೇಲೆ ಟವೆಲ್ ಹೊದಿಸಿದ್ದೆ.

ಅಂಗಡಿಯ ಕಟ್ಟಡದ ಮಾಲೀಕರು ನೋಡಲು ಬಂದರು. ಒಂದು ಬ್ರೆಡ್ಡು, ನಾಲ್ಕು ಮೂಸಂಬಿ ತಂದಿದ್ದರು. ಬ್ರೆಡ್ಡು ತಂದವರು ಒಳ್ಳೆಯ ಮಾತಾಡುವುದಿಲ್ಲ ಎಂದು ಅಷ್ಟು ಹೊತ್ತಿಗೆ ನನಗೆ ಅನುಭವವಾಗಿತ್ತು. ಇದ್ದ ಕುರ್ಚಿಗಳಲ್ಲಿ ದೊಡ್ಡದು, ಗಟ್ಟಿಯಾದದ್ದು ಅದೇ ಎಂದು ನೋಡಿ ಅದರಲ್ಲೇ ಕೂತರು. ಟವೆಲ್ ಒಳಗೆ ಇಳಿಯಿತು. ಅವರೂ ಸ್ವಲ್ಪ ಇಳಿದರು. ಹೇಳಬೇಕು ಎಂದು ಬಾಯಿ ತೆರೆದೆ.

“ನೋಡಮ್ಮ” ಎಂದು ಅವರು ಶುರುಮಾಡಿದರು, “ನೀನು ಇನ್ನು ಮೆಟ್ಟಿಲು ಹತ್ತೋದು ಕಷ್ಟ. ನನ್ನ ಅಳಿಯ ಮೊಬೈಲ್ ಅಂಗಡಿ ಇಡಬೇಕು ಅಂತಾನೆ. ನಿನಗೂ ಒಳ್ಳೇದು, ವಿಶ್ರಾಂತಿ ಸಿಗುತ್ತೆ.”

ತೆರೆದ ಬಾಯಿ ಮುಚ್ಚಿಕೊಂಡೆ. ಅವರು ಅರ್ಧ ಗಂಟೆ ಅದರಲ್ಲಿ ಕೂತು ನನ್ನ ವಿಶ್ರಾಂತಿಯ ಬಗ್ಗೆ ಮಾತಾಡಿದರು. ಕಾಫಿ ಕುಡಿದರು. ವರ್ಷ ಕಳೆಯಲಿ, ಮೆಟ್ಟಿಲು ಹತ್ತಲಿಲ್ಲ ಅಂದರೆ ನಾನೇ ಬೀಗದಕೈ ತಂದುಕೊಡುತ್ತೇನೆ ಎಂದೆ. ಕುರ್ಚಿಯ ಕೈ ಹಿಡಿದುಕೊಂಡು ಕಷ್ಟಪಟ್ಟು ಮೇಲೆದ್ದರು.

“ಈ ಕುರ್ಚಿ ಬಹಳ ಚೆನ್ನಾಗಿದೆ ಕಣಮ್ಮ. ಸೆಕೆಯೇ ಆಗೋದಿಲ್ಲ. ಎಲ್ಲಿ ತೊಗೊಂಡೆ? ಅಳಿಯನ ಅಂಗಡಿಗೆ ಎರಡು ಬೇಕಾಗುತ್ತೆ.”

ಹಾಸನದ ಅಂಗಡಿಯ ವಿಳಾಸ ಬರೆದು ಕೊಟ್ಟು ಕಳಿಸಿದೆ.

೭. ಕೊಟ್ಟವನು

ಎರಡನೆಯ ಆಪರೇಷನ್ ಆದ ಐದನೆಯ ತಿಂಗಳಿಗೆ ಮೊದಲ ಸಲ ಅಂಗಡಿಯ ಮೆಟ್ಟಿಲು ಹತ್ತಿದೆ. ಒಂದೊಂದು ಮೆಟ್ಟಿಲಿಗೂ ಎರಡು ಕಾಲು ಇಟ್ಟು, ಗೋಡೆ ಹಿಡಿದು. ಏಳನೆಯದು ದಾಟಿತು. ಎಂಟನೆಯದೂ ದಾಟಿತು. ಮಂಡಿ ನಿಲ್ಲಲಿಲ್ಲ. ಮೇಲೆ ಹೋಗಿ ಕಟಿಂಗ್ ಮೇಜಿಗೆ ಒರಗಿ ಸ್ವಲ್ಪ ಹೊತ್ತು ನಿಂತೆ. ಹೆಂಗಸರು ಮಿಷನ್ ನಿಲ್ಲಿಸಿ ನೋಡಿದರು. ಕೆಲಸ ನೋಡಿ ಎಂದೆ.

ಹನ್ನೊಂದನೆಯ ತಿಂಗಳಿಗೆ ಚನ್ನರಾಯಪಟ್ಟಣದಲ್ಲಿ ನಮ್ಮ ಕಡೆಯವರದೊಂದು ಮದುವೆ. ಹೊರಡುವಾಗ ನಡಿಗೆಯಲ್ಲಿ ಒಂದು ಚೂರು ಎಳೆತ ಬಿಟ್ಟರೆ ಬೇರೇನೂ ಇರಲಿಲ್ಲ. ಛತ್ರದ ಬಾಗಿಲಿಗೆ ಹೋದರೆ ಮುಂದಿನ ಸಾಲಿನಲ್ಲಿ ಅಣ್ಣ. ಒಂದು ಕುರ್ಚಿಯಲ್ಲಿ ಕೂತು, ಇನ್ನೊಂದು ಕುರ್ಚಿಯ ಮೇಲೆ ಎಡಗಾಲು ಚಾಚಿ, ಮಂಡಿಗೆ ಟವೆಲ್ ಹೊದಿಸಿಕೊಂಡಿದ್ದಾನೆ. ಇಬ್ಬರು ಅವನಿಗೆ ಕೂತಲ್ಲಿಗೇ ಚಿರೋಟಿ ತಂದು ಕೊಡುತ್ತಿದ್ದಾರೆ.

ನಮ್ಮ ಚಿಕ್ಕಪ್ಪ, ಮನೆತನಕ್ಕೆ ಈಗ ಹಿರಿಯರು, ನನ್ನ ಕೈ ಹಿಡಿದುಕೊಂಡರು.

“ನಿಮ್ಮಣ್ಣ ದೇವ್ರಂಥವ್ನು ಕಣವ್ವ. ಈ ಕಾಲದಲ್ಲಿ ತಂಗಿಗೆ ಸೀರೆ ಕೊಡೋರಿಲ್ಲ, ಅವ್ನು ಮಂಡಿ ಕೊಟ್ಟವ್ನೆ.”

ಹತ್ತು ತಿಂಗಳಿಂದ ಊರಿನಲ್ಲಿ ಅಣ್ಣ ಕುಂಟುತ್ತಿದ್ದಾನೆ ಎನ್ನುವುದು ನನಗೆ ಆಗ ಗೊತ್ತಾಯಿತು. ಹಾಲಿನ ಡೈರಿಯಲ್ಲಿ ಅವನು ಸಾಲಿನಲ್ಲಿ ನಿಲ್ಲುವಂತಿಲ್ಲ, ಕೊಟ್ಟವನು ಎಂದು ಮೊದಲು ಬಿಡುತ್ತಾರಂತೆ. ಬಸ್ಸಿನಲ್ಲಿ ಸೀಟು ಬಿಡುತ್ತಾರಂತೆ. ನಾನು ಅವನ ಮುಂದೆ ಹೋಗಿ ನಿಂತೆ.

“ಅಣ್ಣ, ನನ್ನದು ಬಲಗಾಲು. ನೀನು ಎಡಗಾಲು ಎತ್ತಿಟ್ಟಿದ್ದೀಯ.”

ಅಣ್ಣನ ಮುಖದಲ್ಲಿ ನಾಚಿಕೆಯ ಸುಳಿವೂ ಇರಲಿಲ್ಲ. “ಎದುರುಬದುರು ನಿಂತ್ಕಂಡ್ರೆ ನನ್ನ ಎಡಾನೇ ತಾನೆ ನಿನ್ನ ಬಲಕ್ಕೆ ಬರೋದು?”

ಚಿಕ್ಕಪ್ಪ ಇಬ್ಬರನ್ನೂ ನೋಡಿ, ಮನಸ್ಸಿನಲ್ಲೇ ನಿಲ್ಲಿಸಿ ನೋಡಿ, “ಸರಿ ಐತೆ” ಎಂದರು.

ನಾನು ಬಿಡಿಸಿ ಹೇಳಿದೆ. ನನ್ನ ಮಂಡಿಯಿಂದಲೇ ತೆಗೆದದ್ದು, ನನ್ನ ರಕ್ತದಲ್ಲೇ ಬೆಳೆದದ್ದು, ನನ್ನ ಮಂಡಿಗೇ ಹಾಕಿದ್ದು ಎಂದೆ. ಸುತ್ತ ಹತ್ತು ಹನ್ನೆರಡು ಜನ ಸೇರಿದ್ದರು. ಯಾರೂ ನಂಬಲಿಲ್ಲ.

“ನಿಂದೇ ನಿಂಗೆ ಆಕೋದಾದ್ರೆ ತೆಗೆಯೋದ್ಯಾಕವ್ವ?” ಎಂದರು ಚಿಕ್ಕಪ್ಪ. “ಇದ್ದುದ್ದ ತೆಗೆದು ಇದ್ದ ತಾವ್ಕೇ ಮಡಗಕ್ಕೆ ಡಾಕ್ಟ್ರಿಗೇನು ಬ್ಯಾರೆ ಕ್ಯಾಮೆ ಇಲ್ವಾ?”

ಅತ್ತಿಗೆ ಅದೇ ಹೊತ್ತಿಗೆ ಕಾಯುತ್ತಿದ್ದವಳ ಹಾಗೆ ಬಾಯಿ ಹಾಕಿದಳು. “ಅವ್ರಿಗೀಗ ಕೊಟ್ಗೆ ಕೆಲ್ಸ ಮಾಡಕ್ಕಾಗಲ್ಲ. ಅಸು ಆರಾಗವೆ. ಕೊಟ್ಟೋರ ಕಷ್ಟ ತಗೊಂಡೋರು ನೋಡ್ಬೇಕಪ್ಪ.”

ಎಲ್ಲರೂ ತಲೆಯಾಡಿಸಿದರು. ಚಿಕ್ಕಪ್ಪ ತೀರ್ಪು ಹೇಳುವವರ ಹಾಗೆ ಗಂಟಲು ಸರಿಮಾಡಿಕೊಂಡರು. “ಓದೋಳು ನೀನು, ಯೋಚ್ನೆ ಮಾಡು. ಆ ಮಂಡಿ ನಮ್ಮೂರ ಮಂಡಿ. ಪ್ಯಾಟೇಲಿ ಕಂಡೋರ ಮೆಟ್ಲು ಹತ್ತಕ್ಕಲ್ಲ ಅವ್ನು ಕೊಟ್ಟಿದ್ದು. ಅಂಗಡಿ ಮುಚ್ಚಿ ಊರಿಗೆ ಬಾ.”

ಸಗಣಿ ಬಾಚಿದ ಎಂಟು ತಿಂಗಳು ನನ್ನ ಕಣ್ಣಮುಂದೆ ಬಂತು. ಅಳುವುದಕ್ಕೂ ಮನಸ್ಸಾಗಲಿಲ್ಲ, ಜಗಳಕ್ಕೂ ಆಗಲಿಲ್ಲ.

“ಆಗಲಿ ಚಿಕ್ಕಪ್ಪ” ಎಂದೆ. “ಅವನದು ಅವನಿಗೇ ಸೇರಲಿ. ಬುಧವಾರ ನಾನು ಬೆಂಗಳೂರಿಗೆ ತೋರಿಸೋಕೆ ಹೋಗಬೇಕು. ಅಣ್ಣನೂ ಬರಲಿ. ಡಾಕ್ಟರಿಗೆ ಹೇಳಿ ನನ್ನ ಮಂಡಿಯಿಂದ ಬಿಚ್ಚಿಸಿ ಅವನಿಗೆ ಹಾಕಿಸಿಬಿಡ್ತೀನಿ. ಎರಡು ಆಪರೇಷನ್, ಆರು ವಾರ ಊರುಗೋಲು. ನೀವೂ ಸಾಕ್ಷಿಗೆ ಬನ್ನಿ.”

ಚಿಕ್ಕಪ್ಪನಿಗೆ ಈ ಮಾತು ಬಹಳ ಹಿಡಿಸಿತು. “ನ್ಯಾಯವಾಗೈತೆ. ಇಂದಿರುಗುಸ್ತೀನಿ ಅಂತವ್ಳೆ. ಏನ್ಲಾ, ಬುಧವಾರ ಓಗಾನಾ?”

ಅಣ್ಣನ ಕೈಯಲ್ಲಿದ್ದ ಚಿರೋಟಿ ಅಲ್ಲೇ ನಿಂತಿತು. ಅವನು ನನ್ನನ್ನು ನೋಡಲಿಲ್ಲ, ಚಿಕ್ಕಪ್ಪನನ್ನೂ ನೋಡಲಿಲ್ಲ. ಬಾಗಿಲಿನಾಚೆ ರಸ್ತೆ ನೋಡಿದ. ಹೊಳೆನರಸೀಪುರದ ಬಸ್ಸು ಹಾರನ್ ಹಾಕುತ್ತ ಹೊರಡುತ್ತಿತ್ತು.

“ಬಸ್ಸು” ಅಂದ.

ಎದ್ದ. ಮೊದಲ ನಾಲ್ಕು ಹೆಜ್ಜೆ ಎಡಗಾಲು ಎಳೆದುಕೊಂಡೇ ಹೋದ. ಐದನೆಯದಕ್ಕೆ ಮರೆತ. ಆಮೇಲೆ ಪಂಚೆ ಎತ್ತಿ ಕಟ್ಟಿ, ಛತ್ರದ ಮುಂದಿನ ಮೋರಿಯನ್ನು ಒಂದೇ ನೆಗೆತಕ್ಕೆ ದಾಟಿ, ಹೋಗುತ್ತಿದ್ದ ಬಸ್ಸಿನ ಬಾಗಿಲ ಕಂಬಿ ಹಿಡಿದು ನೇತುಬಿದ್ದ. ಅತ್ತಿಗೆ, ತಾಂಬೂಲದ ಚೀಲ, ಎರಡೂ ಇಲ್ಲೇ ಉಳಿದವು.

ಆ ಬುಧವಾರ ಅಣ್ಣ ಬರಲಿಲ್ಲ. ಆಮೇಲೆ ಯಾವತ್ತೂ ಹಸುವಿನ ಮಾತು ಎತ್ತಲಿಲ್ಲ. ನನ್ನ ಅಂಗಡಿ ಮಹಡಿಯ ಮೇಲೆ ಇದ್ದಲ್ಲೇ ಇದೆ, ಮೊಬೈಲ್ ಅಂಗಡಿ ಪಕ್ಕದ ಬೀದಿಯಲ್ಲಿ ಬಂದಿದೆ.

ಆದರೆ ಅವತ್ತು, ಬಸ್ಸು ಧೂಳೆಬ್ಬಿಸಿ ಹೋದ ಮೇಲೆ, ಇಷ್ಟು ಜನ ಕಣ್ಣಾರೆ ನೋಡಿದರಲ್ಲ, ಇನ್ನಾದರೂ ನಿಜ ತಿಳಿಯಿತು ಎಂದು ನಾನು ಚಿಕ್ಕಪ್ಪನ ಕಡೆ ತಿರುಗಿದೆ. ಅವರು ಬಸ್ಸು ಹೋದ ದಿಕ್ಕನ್ನೇ ನೋಡುತ್ತ ನಿಂತಿದ್ದರು. ಕಣ್ಣಲ್ಲಿ ನೀರಿತ್ತು.

“ನೋಡ್ದ್ಯಾ ತಾಯಿ” ಎಂದರು, “ಒಂದು ಮಂಡಿ ಕೊಟ್ಟೂ ಎಂಗೆ ಓಡ್ತಾನೆ. ನಿನ್ನ ಎಡಗಾಲು ಕೆಟ್ರೂ ಯೋಚ್ನೆ ಮಾಡ್ಬ್ಯಾಡ ಕಣವ್ವ. ಅವ್ನ ತಾವ ಇನ್ನೊಂದೈತೆ.”